ಹಣೆಯ ಒಂದೇ ಬದಿಗೆ ನೀರುಗುಳ್ಳೆ ಎದ್ದರೆ ಅಲರ್ಜಿ ಅಂತ ಬಿಡಬೇಡಿ

ಮುಖದ ಒಂದೇ ಕಡೆ ಉರಿ, ನೋವು ಶುರುವಾಗಿ ಅದೇ ಜಾಗದಲ್ಲಿ ನೀರುಗುಳ್ಳೆ ಎದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. 'ಸರ್ಪಸುತ್ತು ಇರಬಹುದಾ?' ಅಂತ ನೀವೇ ಬಾಯಿಬಿಟ್ಟು ಕೇಳಿ. ನಮ್ಮಪ್ಪನ ಪಾಡು ಇನ್ನೊಬ್ಬರಿಗೆ ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪನಿಗೆ ಮೊದಲು ಬಂದದ್ದು ನೋವು. ಬಲಗಡೆ ಹಣೆ, ತಲೆಯೆಲ್ಲ ಸೂಜಿ ಚುಚ್ಚಿದ ಹಾಗೆ. ತಲೆ ಬಾಚಿದರೂ ಚೀರುತ್ತಿದ್ದರು. ಚರ್ಮದ ಮೇಲೆ ನೋಡಿದರೆ ಏನೂ ಇಲ್ಲ. ಆಮೇಲೆ ಚರ್ಮ ಕೆಂಪಾಗಿ, ಗುಂಪು ಗುಂಪಾಗಿ ಗುಳ್ಳೆ ಎದ್ದವು. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಅಲರ್ಜಿ ಅಂದರು, ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರು. ಗುಳ್ಳೆಗಳು ಹಣೆಯ ನಡುವಿಗೆ ಬಂದು, ಗೆರೆ ಹಾಕಿದಂತೆ ಅಲ್ಲೇ ನಿಂತಿದ್ದವು. ಎಡಗಡೆಗೆ ಒಂದೂ ಇಲ್ಲ. ಅದನ್ನೊಂದು ಗಮನಿಸಿದ್ದರೂ ಸಾಕಿತ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮೂಗಿನ ತುದಿಗೂ ಗುಳ್ಳೆ ಬಂದಾಗ ಹೆದರಿ ಚರ್ಮದ ಡಾಕ್ಟರ ಹತ್ತಿರ ಓಡಿದೆವು. ಅವರು ನೋಡಿದ ತಕ್ಷಣ ಸರ್ಪಸುತ್ತು ಅಂದರು, ಮಾತ್ರೆ ಶುರುಮಾಡಿ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಮೂಗಿನ ತುದಿಗೆ ಬರುವ ನರದ ಕವಲುಗಳೇ ಕಣ್ಣಿಗೂ ಹೋಗುತ್ತವೆ. ಅಲ್ಲಿ ಗುಳ್ಳೆ ಬಂದರೆ ಕಣ್ಣಿಗೂ ವೈರಸ್ ತಗುಲುವ ಸಾಧ್ಯತೆ ಜಾಸ್ತಿ. ದೃಷ್ಟಿಗೇ ಕುತ್ತು ಬರಬಹುದು. ಅಪ್ಪನ ಕಣ್ಣೇನೋ ಉಳಿಯಿತು. ಗುಳ್ಳೆಯೂ ಒಣಗಿತು. ನೋವು ಮಾತ್ರ ತಿಂಗಳುಗಟ್ಟಲೆ ಬಿಡಲಿಲ್ಲ. ಫ್ಯಾನ್ ಗಾಳಿ ತಾಗಿದರೂ ಹಣೆ ಉರಿಯುತ್ತಿತ್ತು. ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ ಮನುಷ್ಯನಿಗೆ ಏನಂತ ಸಮಾಧಾನ ಹೇಳೋದು?

ಚಿಕನ್‌ಪಾಕ್ಸ್ ತರುವ ವೈರಸ್ಸೇ ಸರ್ಪಸುತ್ತಿಗೂ ಕಾರಣ. ಚಿಕನ್‌ಪಾಕ್ಸ್ ವಾಸಿಯಾದ ಮೇಲೂ ಅದು ನರದ ಬುಡದಲ್ಲಿ ಸುಮ್ನೆ ಇರುತ್ತದೆ. ವಯಸ್ಸಾದಾಗ, ದೇಹದ ತಡೆಶಕ್ತಿ ಕುಗ್ಗಿದಾಗ ಮತ್ತೆ ಏಳುತ್ತದೆ. ಅಸೈಕ್ಲೋವಿರ್, ವಾಲಾಸೈಕ್ಲೋವಿರ್ ಥರದ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಒಳ್ಳೆಯದು. ಆ ಹೊತ್ತು ಮೀರಿದೆ ಅಂತ ಸುಮ್ಮನಾಗಬೇಡಿ. ಹೊಸ ಗುಳ್ಳೆ ಏಳುತ್ತಲೇ ಇದ್ದರೆ, ಕಣ್ಣಿನ ಹತ್ತಿರ ಇದ್ದರೆ ಆಮೇಲೂ ಔಷಧಿ ಕೊಡುತ್ತಾರೆ. ಕಣ್ಣು ಕೆಂಪಾದರೆ, ಮಂಜಾದರೆ ಒಂದು ರಾತ್ರಿಯೂ ಕಾಯಬೇಡಿ.

ಗುಳ್ಳೆಯ ನೀರು ತಾಗಿದರೆ ಚಿಕನ್‌ಪಾಕ್ಸ್ ಬಾರದವರಿಗೆ, ಅದರ ಲಸಿಕೆ ಹಾಕಿಸದವರಿಗೆ ಚಿಕನ್‌ಪಾಕ್ಸ್ ಬರಬಹುದು. ಹಾಗಾಗಿ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಮುಚ್ಚಿಡಿ. ಗರ್ಭಿಣಿಯರನ್ನು, ಎಳೆ ಮಕ್ಕಳನ್ನು ದೂರ ಇಡಿ.

ಸರ್ಪಸುತ್ತಿಗೆ ಲಸಿಕೆ ಇದೆ ಅನ್ನೋದೇ ನಮಗೆ ಯಾರೂ ಹೇಳಿರಲಿಲ್ಲ. ಶಿಂಗ್ರಿಕ್ಸ್ ಅಂತ, 50 ದಾಟಿದವರಿಗೆ 2 ಡೋಸ್, ಸಾಮಾನ್ಯವಾಗಿ 2ರಿಂದ 6 ತಿಂಗಳ ಅಂತರದಲ್ಲಿ. ಒಮ್ಮೆ ಸರ್ಪಸುತ್ತು ಬಂದು ವಾಸಿಯಾದವರೂ ಹಾಕಿಸಿಕೊಳ್ಳಬಹುದು. ಮನೆಯ ಹಿರಿಯರ ಪರವಾಗಿ ನೀವೇ ಡಾಕ್ಟರನ್ನು ಕೇಳಿ.