‘ವೈಲ್ಡ್ ಸಿಮಿಲಿಸ್ ಇದೆ ಬ್ರೋ’ ಅಂದರೆ ಸ್ವಲ್ಪ ತಡೀರಿ

ಶೆಲ್ಲಿಗಳನ್ನು, ಅಂದರೆ ಚಿಪ್ಪಿನೊಳಗೆ ಸಂಸಾರ ಮಾಡುವ ಪುಟ್ಟ ಸಿಕ್ಲಿಡ್ ಮೀನುಗಳನ್ನು, ಆನ್‌ಲೈನ್‌ನಲ್ಲಿ ಹುಡುಕುತ್ತಿರುವವರು ಇದನ್ನೊಮ್ಮೆ ಓದಿ. ನನ್ನ ದುಡ್ಡೂ ಹೋಯಿತು, ಅರ್ಧಕ್ಕರ್ಧ ಮೀನೂ ಸತ್ತವು. ಮಾರಿದವನ ಹೆಸರು ಹಾಕುತ್ತಿಲ್ಲ. ಹಾಕಿದರೂ ಉಪಯೋಗವಿಲ್ಲ, ಹೆಸರು ನಂಬರ್ ಎರಡನ್ನೂ ಅವನು ಬದಲಾಯಿಸುತ್ತಾ ಇರುತ್ತಾನೆ. ವರಸೆ ಮಾತ್ರ ಅದೇ.

ಮೊದಲು ಮೀನಿನ ಬಗ್ಗೆ ನಾಲ್ಕು ಮಾತು. ಮೋಸಕ್ಕೆ ಜಾಗ ಇರುವುದೇ ಅಲ್ಲಿ. ಇವುಗಳ ಊರು ಆಫ್ರಿಕಾದ ಟ್ಯಾಂಗನಿಕಾ ಸರೋವರ. ತಾಂಜಾನಿಯಾ, ಕಾಂಗೋ, ಬುರುಂಡಿ, ಜಾಂಬಿಯಾ ಈ ನಾಲ್ಕೂ ದೇಶಗಳಿಗೆ ಅದರ ದಡ ತಾಗುತ್ತದೆ. ಅದರ ತಳದಲ್ಲಿ ಕೆಲವು ಕಡೆ ನಿಯೋಥೌಮಾ ಅನ್ನುವ ಬಸವನಹುಳುವಿನ ಖಾಲಿ ಚಿಪ್ಪುಗಳು ರಾಶಿ ರಾಶಿ ಬಿದ್ದಿವೆ. ನೀರಿನಲ್ಲಿ ಸುಣ್ಣದಂಶ ಇರುವುದರಿಂದ ಅವು ಬೇಗ ಕರಗುವುದಿಲ್ಲ. ಈ ಮೀನುಗಳು ಅಡಗುವುದು, ಮೊಟ್ಟೆ ಇಡುವುದು, ಮರಿ ಕಾಯುವುದು ಎಲ್ಲ ಆ ಚಿಪ್ಪಿನಲ್ಲೇ.

ನಮ್ಮ ಕಡೆ ಜಾಸ್ತಿ ಸಿಗುವುದು ಮಲ್ಟಿಫ್ಯಾಸಿಯೇಟಸ್. ಎಲ್ಲರ ಬಾಯಲ್ಲಿ ಬರೀ ಮಲ್ಟಿ. ಗಂಡು ಬೆಳೆದರೆ 4-5 ಸೆಂ.ಮೀ., ಹೆಣ್ಣು ಇನ್ನೂ ಚಿಕ್ಕದು. ಒಂದು ಗುಂಪು ಟ್ಯಾಂಕಿಗೆ ಒಗ್ಗಿಕೊಂಡರೆ ಮರಿಗಳಿಗೆ ಬರವಿಲ್ಲ, ಹಾಗಾಗಿ ಬೆಲೆಯೂ ಕೈಗೆಟಕುವಂಥದ್ದು. ಇದರ ಹತ್ತಿರದ ನೆಂಟ ಸಿಮಿಲಿಸ್ ಇಲ್ಲಿ ಕಾಣುವುದು ಕಡಿಮೆ. ಎರಡಕ್ಕೂ ಮೈಮೇಲೆ ಅಡ್ಡಪಟ್ಟೆ. ಮಲ್ಟಿಗೆ ಪಟ್ಟೆ ಕಿವಿರಿನ ಹಿಂದೆಯೇ ನಿಂತುಬಿಡುತ್ತದೆ, ತಲೆ ಖಾಲಿ. ಸಿಮಿಲಿಸ್‌ಗೆ ಪಟ್ಟೆ ತಲೆಯ ಮೇಲೂ ಹತ್ತಿ ಕಣ್ಣಿನ ತನಕ ಬರುತ್ತದೆ. ಬೆಳೆದ ಮೀನಿನಲ್ಲಿ ಇದು ಸ್ಪಷ್ಟ. ಒಂದೂವರೆ ಸೆಂಟಿಮೀಟರ್ ಮರಿಯಲ್ಲಿ, ಅದೂ ಮೊಬೈಲ್ ಫೋಟೋದಲ್ಲಿ, ಯಾರಿಗೆ ಗೊತ್ತಾಗುತ್ತೆ?

ಮಾರುವವನು ಹೇಳಿದ್ದು ‘ವೈಲ್ಡ್ ಕಾಟ್ ಸಿಮಿಲಿಸ್, ಇದೇ ಕೊನೇ ಬ್ಯಾಚ್’. ವೈಲ್ಡ್ ಕಾಟ್ ಅಂದರೆ ಸಾಕಿದ್ದಲ್ಲ, ಸರೋವರದಲ್ಲೇ ಹಿಡಿದದ್ದು. ಬೆಲೆ ಮಲ್ಟಿಯ ಮೂರು ಪಟ್ಟು. ಪೂರ್ತಿ ದುಡ್ಡು ಮೊದಲೇ ಯುಪಿಐನಲ್ಲಿ ಹಾಕಬೇಕು. ಕಳಿಸಿದ ಫೋಟೋ ಮಾತ್ರ ಅದ್ಭುತವಾಗಿತ್ತು: ಕಪ್ಪು ಹಿನ್ನೆಲೆ, ತಲೆಯ ಪಟ್ಟೆ ಎಣಿಸಬಹುದು. ಆಮೇಲೆ ಇಮೇಜ್ ಸರ್ಚ್ ಮಾಡಿದಾಗ ಅದು ಯಾರೋ ವಿದೇಶಿ ಸಾಕಣೆದಾರರ ಹಳೇ ಫೋಟೋ ಅಂತ ಗೊತ್ತಾಯಿತು. ವಿಡಿಯೋ ಕೇಳಿದಾಗಲೆಲ್ಲ ಅವನದ್ದು ಒಂದೇ ಉತ್ತರ: ‘ಶೈ ಫಿಶ್ ಬ್ರೋ, ಶೆಲ್ ಬಿಟ್ಟು ಹೊರಗೆ ಬರಲ್ಲ.’ ಸುಳ್ಳು. ಹೊಸ ಜಾಗದಲ್ಲಿ ಅಡಗುತ್ತವೆ, ನಿಜ. ಆದರೆ ಒಗ್ಗಿದ ಶೆಲ್ಲಿಗಳು ಊಟ ಬಿದ್ದ ತಕ್ಷಣ ಹೊರಗೆ ಬರುತ್ತವೆ. ಕೈ ಹಾಕಿದರೆ ಕೈಗೇ ಕಚ್ಚಲು ಬರುವ ಜಾತಿ ಇದು.

ಪಾರ್ಸೆಲ್ ರಾತ್ರಿ ಬಸ್ಸಿನಲ್ಲಿ ಹತ್ತಿತು. ಬಸ್ಸು ತಡವಾಯಿತು, ಅದಕ್ಕೆ ಅವನನ್ನು ಬೈಯುವುದಿಲ್ಲ. ಪ್ಯಾಕಿಂಗ್‌ಗೆ ಬೈಯಲೇಬೇಕು. ಥರ್ಮೋಕೋಲ್ ಡಬ್ಬ ಇಲ್ಲ, ಬರೀ ರಟ್ಟಿನ ಪೆಟ್ಟಿಗೆ. ಅಷ್ಟೂ ಮೀನು ಒಂದೇ ಕವರಿನಲ್ಲಿ, ಅದೂ ಚಿಪ್ಪುಗಳ ಸಮೇತ. ‘ಶೆಲ್ ಫ್ರೀ’, ಅಂದರೆ ಚಿಪ್ಪಿಗೆ ದುಡ್ಡಿಲ್ಲ, ಅಂದಿದ್ದ ಪುಣ್ಯಾತ್ಮ. ಬಸ್ಸು ಕುಲುಕಿದಂತೆಲ್ಲ ಆ ಚಿಪ್ಪುಗಳು ಮೀನಿನ ಮೇಲೇ ಉರುಳಾಡಿವೆ. ಹೆದರಿದ ಮೀನು ಚಿಪ್ಪಿನೊಳಗೆ ಹೋಗಿ ಅಲ್ಲೇ ಸತ್ತರೆ ಹೊರಗಿನಿಂದ ಕಾಣುವುದೂ ಇಲ್ಲ. ಕವರು ಬಿಚ್ಚುವ ಮೊದಲೇ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿತ್ತು. ಬಿಚ್ಚಿದಾಗ ಗಬ್ಬು ವಾಸನೆ. ಒಂದೊಂದೇ ಚಿಪ್ಪನ್ನು ಬಕೆಟ್‌ನಲ್ಲಿ ತಲೆಕೆಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಕೆಲವುದರಿಂದ ಜೀವಂತ ಮೀನು ಜಾರಿ ಬಂತು. ಕೆಲವುದರಿಂದ ಬಾಲ ಮಾತ್ರ ಕಾಣಿಸಿತು, ಉಬ್ಬಿಕೊಂಡು ಸಿಕ್ಕಿಹಾಕಿಕೊಂಡಿತ್ತು. ಬದುಕಿದ್ದವುಗಳ ತಲೆ ನೋಡಿದೆ. ಪಟ್ಟೆ ಕಿವಿರಿನ ಹಿಂದೆಯೇ ನಿಂತಿತ್ತು. ಮಲ್ಟಿ!

ಕವರು ಬಿಚ್ಚುವ ಮೊದಲಿನಿಂದಲೇ ವಿಡಿಯೋ ಮಾಡಿದ್ದೆ. ಸತ್ತು ಬಂದ ಮೀನಿಗೆ ದುಡ್ಡು ವಾಪಸ್ ಅಂತ ಅವನೇ ಬರೆದುಕೊಂಡಿದ್ದ. ವಿಡಿಯೋ ಕಳಿಸಿದ ಮೇಲೆ ಮೊದಲು ತಪ್ಪು ಬಸ್ಸಿನವರದ್ದಾಯಿತು, ಆಮೇಲೆ ‘ನಿಮ್ಮ ಟ್ಯಾಂಕ್ ನೀರು ಸರಿಯಿಲ್ಲ’ ಅಂದ. ಟ್ಯಾಂಕಿಗೇ ಇಳಿಯದ ಮೀನಿಗೆ ಟ್ಯಾಂಕ್ ನೀರು ಏನು ಮಾಡುತ್ತೆ? ಅದನ್ನು ಕೇಳಿದ್ದಕ್ಕೆ ಬ್ಲಾಕ್.

ನೀರಿನ ವಿಷಯದಲ್ಲಿ ಒಂದು ಮಾತು ಮಾತ್ರ ನಿಜ, ಅದನ್ನು ಇಂಥವರು ಬೇಕೆಂದೇ ತಿರುಚುತ್ತಾರೆ. ಕಟ್ಟಿದ ಕವರಿನಲ್ಲಿ ಮೀನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಸೇರುತ್ತಾ ಹೋಗುತ್ತದೆ, ಪಿಎಚ್ ಇಳಿಯುತ್ತದೆ, ಅಂದರೆ ನೀರು ಆಮ್ಲದ ಕಡೆಗೆ ವಾಲುತ್ತದೆ. ಪಿಎಚ್ ಕಡಿಮೆ ಇರುವಷ್ಟು ಹೊತ್ತು ಮೀನು ಹೊರಹಾಕಿದ ಅಮೋನಿಯಾ ಅಷ್ಟು ವಿಷವಲ್ಲ. ಕವರು ಬಿಚ್ಚಿದ ಕೂಡಲೇ ಗ್ಯಾಸ್ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಟ್ಯಾಂಗನಿಕಾ ಮೀನಿಗೆ ನಾವು ಇಡುವ ನೀರಿನ ಪಿಎಚ್ಚೇ 8ರ ಮೇಲೆ. ರಾತ್ರಿಯೆಲ್ಲ ಪ್ರಯಾಣ ಮಾಡಿದ ಕವರಿಗೆ ಆ ನೀರನ್ನು ಗಂಟೆಗಟ್ಟಲೆ ಹನಿ ಹನಿ ಬಿಡುತ್ತಾ ಕೂತರೆ ಬದುಕಿದ್ದವೂ ಹೋಗುತ್ತವೆ. ಮಾರುವವರ ನೀರಿನ ಪಿಎಚ್, ಗಡಸುತನ ಮೊದಲೇ ಕೇಳಿ ಅದಕ್ಕೆ ಹತ್ತಿರದ ನೀರು ತಯಾರಿಟ್ಟುಕೊಳ್ಳಿ. ಕಟ್ಟಿದ ಕವರನ್ನು ಹಾಗೇ ತೇಲಿಬಿಟ್ಟು ಬಿಸಿ ಸಮ ಮಾಡಿ. ಬಿಚ್ಚಿದ ಮೇಲೆ ಬಲೆಯಲ್ಲಿ ಮೀನು ಮಾತ್ರ ತೆಗೆದು ಬಿಡಿ, ಕವರಿನ ನೀರು ಚೆಲ್ಲಿ. ಬೆಂಗಳೂರಿನ ಎಷ್ಟೋ ಕಡೆ ಬೋರ್‌ವೆಲ್ ನೀರು ಗಡಸು. ಬೇರೆ ಜಾತಿಯ ಎಷ್ಟೋ ಮೀನಿಗೆ ಕಷ್ಟವಾಗುವ ಆ ನೀರು ಶೆಲ್ಲಿಗಳಿಗೆ ಒಗ್ಗುತ್ತದೆ, ಟೆಸ್ಟ್ ಮಾಡಿ ನೋಡಿ.

ಕೊಳ್ಳುವ ಮೊದಲು ಊಟ ಹಾಕುವ ಹೊತ್ತಿನ ವಿಡಿಯೋ ಕೇಳಿ, ಚೀಟಿಯಲ್ಲಿ ಅವತ್ತಿನ ತಾರೀಖು ಬರೆದು ಗಾಜಿಗೆ ಅಂಟಿಸಲು ಹೇಳಿ. ತಲೆ ಪಕ್ಕದಿಂದ ಕಾಣಬೇಕು. ಹೊಟ್ಟೆ ಒಳಕ್ಕೆ ಹೋಗಿದ್ದರೆ, ಬಿಳಿ ದಾರದ ಹಾಗೆ ಮಲ ನೇತಾಡುತ್ತಿದ್ದರೆ ಬಿಡಿ. ಮರಿಗಳನ್ನು ತೋರಿಸಿ ‘ಕನ್‌ಫರ್ಮ್ ಜೋಡಿ’ ಅಂದರೆ ನಂಬಬೇಡಿ. ಆ ವಯಸ್ಸಿನ ಮಲ್ಟಿಯಲ್ಲಿ ಗಂಡು ಹೆಣ್ಣು ಹೇಳಲು ಆಗಲ್ಲ. ಆರೆಂಟು ಮರಿಗಳ ಗುಂಪು ತಂದರೆ ಜೋಡಿ ತಾನಾಗಿ ಆಗುತ್ತದೆ.

‘ವೈಲ್ಡ್’ ಅಂದ ತಕ್ಷಣ ಬಾಯಿ ಬಿಡುವವರಿಗೆ ಇನ್ನೊಂದು ಮಾತು. ಹೊರದೇಶದಿಂದ ಜೀವಂತ ಮೀನು ತರಿಸಲು ಸರ್ಕಾರದ ಪರವಾನಗಿ ಬೇಕು, ಕ್ವಾರಂಟೈನ್ ಆಗಬೇಕು. ನಿಜವಾಗಿ ತರಿಸಿದವರ ಹತ್ತಿರ ಕಾಗದ ಇರುತ್ತದೆ, ಕೇಳಿ. ನನ್ನ ಮಟ್ಟಿಗೆ ಹೇಳುವುದಾದರೆ, ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಮೀನೇ ವಾಸಿ. ನಿಮ್ಮ ಊರಲ್ಲೇ ಯಾರದ್ದಾದರೂ ಮನೆಯಲ್ಲಿ ಶೆಲ್ಲಿ ಗುಂಪು ಇದ್ದರೆ ಅಲ್ಲಿಗೆ ಹೋಗಿ, ಅಪ್ಪ ಅಮ್ಮನನ್ನು ಕಣ್ಣಾರೆ ನೋಡಿ, ಮರಿ ತನ್ನಿ. ಮರಿ ಜಾಸ್ತಿಯಾಗಿ ಯಾರಿಗೆ ಕೊಡಲಿ ಅಂತ ಅವರೇ ಹುಡುಕುತ್ತಿರುತ್ತಾರೆ.

ಈಗಾಗಲೇ ದುಡ್ಡು ಹಾಕಿ ಸಿಕ್ಕಿಬಿದ್ದಿದ್ದರೆ ಸುಮ್ನೆ ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ದುಡ್ಡು ಇನ್ನೊಂದು ಖಾತೆಗೆ ದಾಟಿರುತ್ತದೆ. ಚಾಟ್, ಯುಪಿಐ ರಸೀದಿ, ಪಾರ್ಸೆಲ್ ಚೀಟಿ, ವಿಡಿಯೋ ಯಾವುದನ್ನೂ ಅಳಿಸಬೇಡಿ. ನಾನೂ ದೂರು ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.