ಡಿಕ್ಕಿ ಬಾಗಿಲಿನ ತುಂಡಾದ ವೈರಿಂಗ್: ಶಿವಮೊಗ್ಗದ ಒಂದು ಅಂಗಡಿಯ ಕೆಲಸ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ, ವಾಹನಗಳ ವಿದ್ಯುತ್ ಕೆಲಸವನ್ನಷ್ಟೇ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ನಮ್ಮ ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ ಬಾಗಿಲಿನ ವೈರಿಂಗ್ ದುರಸ್ತಿ ಮಾಡಿಸಿದ್ದೆ. ಆ ಕೆಲಸದ ಮೇಲೆ ಈಗ ಒಂದು ಪೂರ್ಣ ಮಳೆಗಾಲ ಕಳೆದಿರುವುದರಿಂದ, ಅದು ಎಷ್ಟರ ಮಟ್ಟಿಗೆ ನಿಂತಿದೆ ಎಂಬುದನ್ನು ಬರೆಯಲು ಸಾಧ್ಯವಾಗಿದೆ.

ದೋಷದ ಲಕ್ಷಣಗಳು ವಿಚಿತ್ರವಾಗಿದ್ದವು. ಹಿಂದಿನ ವೈಪರ್ ಓಡುತ್ತಾ ಓಡುತ್ತಾ ಗಾಜಿನ ನಡುವೆ ನಿಂತುಬಿಡುತ್ತಿತ್ತು, ಗಾಜಿನ ಮಂಜು ಕರಗಿಸುವ ಡಿಫಾಗರ್ ಬಿಸಿಯಾಗುತ್ತಿರಲಿಲ್ಲ, ನಂಬರ್ ಪ್ಲೇಟಿನ ದೀಪ ಆರಿಹೋಗಿತ್ತು, ಗಾಜಿನ ಮೇಲ್ಭಾಗದ ಬ್ರೇಕ್ ದೀಪವಂತೂ ಬಾಗಿಲನ್ನು ಅರ್ಧ ಎತ್ತಿ ಹಿಡಿದಾಗ ಮಾತ್ರ ಹೊತ್ತಿಕೊಳ್ಳುತ್ತಿತ್ತು. ಮಲೆನಾಡಿನ ಮಳೆಯಲ್ಲಿ ಹಿಂದಿನ ಗಾಜು ಮಂಜು ಕಟ್ಟಿದರೆ ಘಾಟಿಯ ರಸ್ತೆಯಲ್ಲಿ ವಾಹನವನ್ನು ಹಿಂದೆ ತೆಗೆಯುವುದೇ ಅಪಾಯ. ಜೊತೆಗೆ, ಹಿಂದಿನ ನೋಂದಣಿ ಸಂಖ್ಯೆಯು ರಾತ್ರಿ ಬಿಳಿ ಬೆಳಕಿನಲ್ಲಿ ಓದುವಂತಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಕಾರನ್ನು ಮೊದಲು ನೋಡಿದ ಸರ್ವಿಸ್ ಸೆಂಟರಿನವರು ಇಡೀ ಹಾರ್ನೆಸ್ (ವೈರುಗಳ ಕಟ್ಟು) ಬದಲಾಯಿಸಬೇಕೆಂದು ಹೇಳಿ, ಬಿಡಿಭಾಗ ಬರುವವರೆಗೆ ಕಾಯಲು ತಿಳಿಸಿದರು. ಜೋಡಿಸಿದ ವೈರಿಗೆ ಅವರು ಖಾತರಿ ಕೊಡಲಾರರು ಎಂಬುದು ಅರ್ಥವಾಗುವ ಮಾತೇ. ಆದರೆ ಕೆಟ್ಟಿರುವುದು ಒಂದು ಗೇಣಿನಷ್ಟು ಉದ್ದದ ಭಾಗ ಮಾತ್ರವಾಗಿದ್ದಾಗ ಆ ವೆಚ್ಚ ನನಗೆ ಸಮರ್ಥನೀಯವೆನಿಸಲಿಲ್ಲ.

ಮೇಲಕ್ಕೆ ತೆರೆಯುವ ಬಾಗಿಲಿರುವ ಕಾರುಗಳಲ್ಲಿ ಈ ದೋಷ ತೀರ ಸಾಮಾನ್ಯ. ಚಾವಣಿಯಿಂದ ಬಾಗಿಲಿಗೆ ಹೋಗುವ ವೈರುಗಳೆಲ್ಲ ಕೀಲಿನ ಪಕ್ಕದ ಮಡಿಕೆ ಮಡಿಕೆಯಾದ ರಬ್ಬರ್ ಕೊಳವೆಯೊಳಗೆ ಹಾದುಹೋಗುತ್ತವೆ, ಮತ್ತು ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅದೇ ಜಾಗದಲ್ಲಿ ಬಾಗುತ್ತವೆ. ವರ್ಷಗಳು ಕಳೆದಂತೆ ವೈರಿನ ಪಿವಿಸಿ ಹೊದಿಕೆ ಗಡುಸಾಗಿ ಸೀಳುತ್ತದೆ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಅನೇಕ ಕಾರುಗಳಲ್ಲಿ ಹಿಂದಿನ ಗಾಜಿಗೆ ನೀರು ಚಿಮ್ಮಿಸುವ ಪೈಪೂ ಇದೇ ಕೊಳವೆಯಲ್ಲಿರುತ್ತದೆ. ಅದು ಸೋರಿದರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ವಿದ್ಯುತ್ತು ಬ್ಯಾಟರಿಗೆ ಹಿಂದಿರುಗುವ ಅರ್ತ್ ವೈರೇ ತುಂಡಾದರೆ ಅದು ಬೇರೊಂದು ದೀಪದ ಮೂಲಕ ಹಿಂದಿರುಗಲು ದಾರಿ ಹುಡುಕುವುದರಿಂದ, ಒಂದು ಸ್ವಿಚ್ ಒತ್ತಿದರೆ ಸಂಬಂಧವೇ ಇಲ್ಲದ ಇನ್ನೊಂದು ದೀಪ ಮಂಕಾಗಿ ಉರಿಯುವುದೂ ಉಂಟು.

ಅಂಗಡಿಯ ಮೇಸ್ತ್ರಿ ಬಲ್ಬನ್ನಾಗಲಿ ವೈಪರ್ ಮೋಟಾರನ್ನಾಗಲಿ ಬಿಚ್ಚಲು ಹೋಗಲಿಲ್ಲ. ಫ್ಯೂಸುಗಳನ್ನು ನೋಡಿದ ಕೂಡಲೇ ವಿದ್ಯುತ್ತು ಬರುತ್ತಿದೆಯೇ ಎಂದು ತೋರಿಸುವ ಟೆಸ್ಟ್ ಲ್ಯಾಂಪ್ ಸಿಕ್ಕಿಸಿಟ್ಟು, ಬಾಗಿಲನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ದೀಪ ಯಾವ ಕೋನದಲ್ಲಿ ಆರುತ್ತದೆಂದು ತೋರಿಸಿದರು. ಅನಂತರ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ರಬ್ಬರ್ ಕೊಳವೆಯನ್ನು ಸರಿಸಿದಾಗ, ಎರಡು ವೈರುಗಳು ಪೂರ್ತಿ ಕಡಿದುಹೋಗಿದ್ದವು, ಉಳಿದ ಹಲವಕ್ಕೆ ಹೊದಿಕೆಯೇ ಇರಲಿಲ್ಲ.

ಇಲ್ಲಿಂದ ಮುಂದಿನ ಕೆಲಸವೇ ಈ ಅಂಗಡಿಯನ್ನು ಬೇರೆ ಕಡೆಗಳಿಂದ ಬೇರೆಯಾಗಿಸುತ್ತದೆ. ಸಾಮಾನ್ಯವಾಗಿ ಕಡಿದ ಎರಡು ತುದಿಗಳನ್ನು ಹೊಸೆದು, ಹೆಚ್ಚೆಂದರೆ ಬೆಸುಗೆ ಹಾಕಿ, ಮೇಲೆ ಕಪ್ಪು ಟೇಪ್ ಸುತ್ತಿ ಕಳಿಸಿಬಿಡುತ್ತಾರೆ. ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ಅಷ್ಟು ಭಾಗವನ್ನು ಕಡ್ಡಿಯಂತೆ ಗಡುಸು ಮಾಡುತ್ತದೆ. ಬಾಗಬೇಕಾದ ಜಾಗದಲ್ಲಿಯೇ ಅದು ಇದ್ದರೆ ಬೆಸುಗೆಯ ಅಂಚಿನಲ್ಲಿ ವೈರು ಮತ್ತೆ ತುಂಡಾಗುವುದು ಖಚಿತ. ಇವರು ಕಡಿದ ವೈರುಗಳನ್ನಷ್ಟೇ ಅಲ್ಲದೆ ಕೊಳವೆಯೊಳಗಿನ ಅಷ್ಟೂ ವೈರುಗಳ ಬಾಗುವ ಭಾಗವನ್ನು ಕತ್ತರಿಸಿ ತೆಗೆದು, ತೆಳು ಎಳೆಗಳ ಸಿಲಿಕೋನ್ ಹೊದಿಕೆಯ ಹೊಸ ವೈರು ಹಾಕಿದರು. ಒಂದನ್ನು ಕತ್ತರಿಸಿ ಜೋಡಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದ್ದರಿಂದ ಅದಲುಬದಲಿಗೆ ಅವಕಾಶವೇ ಇರಲಿಲ್ಲ. ಜೋಡಣೆಗಳೆಲ್ಲ ಕೊಳವೆಯ ಆಚೆಗೆ, ಒಂದು ಕಡೆ ಚಾವಣಿಯ ಅಂಚಿನೊಳಗೆ, ಇನ್ನೊಂದು ಕಡೆ ಬಾಗಿಲಿನೊಳಗೆ ಬರುವಂತೆ ನೋಡಿಕೊಂಡರು. ಎಲ್ಲವೂ ಒಂದೇ ಕಡೆ ಗುಂಪಾಗದಂತೆ ಹಿಂದೆ ಮುಂದೆ ಮಾಡಿ, ಕ್ರಿಂಪ್ (ತುದಿಗಳನ್ನು ಬಿಗಿಹಿಡಿಯುವ ಲೋಹದ ತುಣುಕು) ಒತ್ತಿ, ಒಳಗೆ ಅಂಟು ಸವರಿರುವ, ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವಿನಿಂದ ಮುಚ್ಚಿದರು.

ವೈರಿನ ದಪ್ಪದ ವಿಷಯದಲ್ಲಿಯೂ ಅವರು ಉದಾಸೀನ ಮಾಡಲಿಲ್ಲ. ನಂಬರ್ ಪ್ಲೇಟಿನ 5 ವ್ಯಾಟ್ ಬಲ್ಬು ಅರ್ಧ ಆಂಪಿಯರ್ ಕೂಡ ಎಳೆಯುವುದಿಲ್ಲ, ಆದರೆ ಡಿಫಾಗರ್ 10ರಿಂದ 20 ಆಂಪಿಯರ್‌ವರೆಗೆ ಎಳೆಯಬಲ್ಲದು. ಎರಡಕ್ಕೂ ಒಂದೇ ತೆಳುವಾದ ವೈರು ಹಾಕಿದರೆ ಡಿಫಾಗರಿನ ವೈರು ಕಾದು ಹೊಸ ತೊಂದರೆ ತರುತ್ತದೆ. ಡಿಫಾಗರಿಗೆ ಮತ್ತು ಅರ್ತಿಗೆ 2.5 ಚದರ ಮಿಲಿಮೀಟರಿನ ವೈರನ್ನೂ ದೀಪಗಳಿಗೆ ತೆಳುವಾದದ್ದನ್ನೂ ಬಳಸಿದ್ದು ಸರಿಯಾದ ಕ್ರಮ. ಸಿಲಿಕೋನ್ ಹೊದಿಕೆ ಚೆನ್ನಾಗಿ ಬಾಗುತ್ತದೆಯಾದರೂ ತಗಡಿನ ಅಂಚಿಗೆ ಉಜ್ಜಿದರೆ ಬೇಗ ಹರಿಯುತ್ತದೆ. ಆದ್ದರಿಂದ ರಬ್ಬರ್ ಕೊಳವೆಯ ಎರಡೂ ತುದಿಗಳು ತಮ್ಮ ರಂಧ್ರಗಳಲ್ಲಿ ಸರಿಯಾಗಿ ಕೂತಿವೆಯೇ ಎಂದು ನೀರು ಸುರಿದು ಪರೀಕ್ಷಿಸಿದರು.

ಅಸಮಾಧಾನಗಳೂ ಇವೆ. ಬಾಗಿಲಿನ ಒಳಮುಚ್ಚಳ ಬಿಚ್ಚುವಾಗ ಕೆಲವು ಪ್ಲಾಸ್ಟಿಕ್ ಕ್ಲಿಪ್ಪುಗಳು ಮುರಿದವು; ಬದಲಿಗೆ ಹಾಕಿದವು ಮೂಲದ ಅಳತೆಯವಲ್ಲವಾದ್ದರಿಂದ ಹಾಳು ರಸ್ತೆಯಲ್ಲಿ ಮುಚ್ಚಳ ಈಗಲೂ ಕಟಕಟ ಎನ್ನುತ್ತದೆ. ಹೊಸ ವೈರುಗಳು ಕೆಂಪು ಮತ್ತು ಕಪ್ಪು ಬಣ್ಣದವು ಮಾತ್ರ. ಯಾವುದು ಯಾವುದಕ್ಕೆ ಎಂದು ಚೀಟಿ ಅಂಟಿಸುವ ಪದ್ಧತಿ ಅಲ್ಲಿಲ್ಲ, ಮುಂದೆ ಬೇರೆಯವರು ಬಿಚ್ಚಿದರೆ ಪರದಾಡಬೇಕಾಗುತ್ತದೆ. ಹಳೆಯ ರಬ್ಬರ್ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೂ ಅದನ್ನೇ ಮರಳಿ ಹಾಕಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಹೊಸದನ್ನು ನಾವೇ ತಂದುಕೊಟ್ಟರೆ ಹೆಚ್ಚುವರಿ ಕೂಲಿಯಿಲ್ಲದೆ ಹಾಕಿಕೊಡುವುದಾಗಿ ಹೇಳಿದ್ದಾರೆ.

ಸಾಮಾನು ಮತ್ತು ಕೂಲಿ ಸೇರಿ ಖರ್ಚು ಎರಡೂವರೆ ಸಾವಿರ ರೂಪಾಯಿ ದಾಟಲಿಲ್ಲ, ಹಾರ್ನೆಸ್ ಬದಲಿಗೆ ಕೇಳಿದ್ದ ಮೊತ್ತದ ಮುಂದೆ ಇದು ಅಲ್ಪ. ಕೇಳದೆ ಬಿಲ್ಲು ಕೊಡುವುದಿಲ್ಲ. ಕೇಳಿದರೆ ಬಳಸಿದ ವೈರಿನ ಅಳತೆಯನ್ನೂ ಬರೆದುಕೊಡುತ್ತಾರೆ. ಖಾತರಿಯ ಅವಧಿಯಲ್ಲಿರುವ ಕಾರಾದರೆ ಈ ದುರಸ್ತಿಗೆ ಹೊರಗೆ ಹೋಗುವುದು ಬೇಡ, ಏಕೆಂದರೆ ಕತ್ತರಿಸಿದ ವೈರನ್ನು ಕಂಡರೆ ಕಂಪನಿಯವರು ವಿದ್ಯುತ್ ಭಾಗದ ಖಾತರಿಗೆ ತಕರಾರು ತೆಗೆಯಬಹುದು. ಅವಧಿ ಮುಗಿದ ಕಾರಿನವರು ಬೆಳಿಗ್ಗೆಯೇ ಒಯ್ಯುವುದು ಒಳ್ಳೆಯದು: ಒಂದೊಂದೇ ವೈರು ಹಿಡಿದು ಮಾಡುವ ಈ ಕೆಲಸ ಸಂಜೆಯವರೆಗೆ ಎಳೆಯುತ್ತದೆ, ಮಳೆ ಬಂದರೆ ಡಿಕ್ಕಿ ತೆರೆದಿಟ್ಟು ನಿಲ್ಲಿಸಲು ಅಂಗಡಿಯ ಮುಂದೆ ಒಂದು ಕಾರಿಗೆ ಮಾತ್ರ ಶೀಟಿನ ಸೂರು ಇದೆ.