ಇಪ್ಪತ್ತೈದು ಹಿತ್ತಾಳೆ ತೋಟೆ, ಮೂರು ಟರ್ಕಿ ಋತು

ಕೋವಿಗೆ ಮನೆಯಲ್ಲೇ ಮತ್ತೆ ಮತ್ತೆ ತುಂಬಿಕೊಳ್ಳುವ ಹಿತ್ತಾಳೆಯ ಖಾಲಿ ತೋಟೆಯ (ಕಾರ್ಟ್ರಿಜ್) ವಿಮರ್ಶೆ ಇದು. ಮೊದಲು ಬೈದು ಮುಗಿಸುತ್ತೇನೆ, ಹೊಗಳುವುದು ಆಮೇಲೆ.

ಮೊದಲ ವರ್ಷದ ಏಪ್ರಿಲ್. ಮಿಸ್ಸೌರಿಯ ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯದಲ್ಲಿ ಓಕ್ ಮರವೊಂದಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಆಸ್ಪತ್ರೆಯ ಲ್ಯಾಬಿನ ರಾತ್ರಿ ಪಾಳಿಗೆ ರಜೆ ಹಾಕಿ ಬಂದಿದ್ದು. ಟರ್ಕಿ ಹುಂಜ ದೂರದ ದಿಣ್ಣೆಯಲ್ಲಿ ಎರಡು ಸಲ ಕೂಗಿತು, ಮೂರನೆಯ ಸಲ ಇಳಿಜಾರಿನ ಈಚೆಗೇ ಕೂಗಿತು. ಮಂಡಿಯ ಮೇಲಿದ್ದ ಕೋವಿಯನ್ನು ಉಸಿರು ಬಿಗಿಹಿಡಿದು ಆ ಕಡೆ ತಿರುಗಿಸುವಾಗ ಮೂತಿ ಚೂರು ಕೆಳಗಾಯಿತು ನೋಡಿ, ನಳಿಗೆಯೊಳಗೆ ಸರ್ರ್ ಅಂತ ಸದ್ದು. ಸಾಸಿವೆ ಡಬ್ಬಿ ಓರೆಯಾದ ಹಾಗೆ. ಅದೇನೆಂದು ತಲೆಗೆ ಹೊಳೆಯುವಷ್ಟರಲ್ಲಿ ಚರೆಯೆಲ್ಲ, ಅಂದರೆ ತೋಟೆಯೊಳಗಿನ ಸೀಸದ ಸಣ್ಣ ಕಾಳುಗಳೆಲ್ಲ, ಮೂತಿಯಿಂದ ಇಳಿದು ಒಣಗಿದ ಎಲೆಗಳ ಮೇಲೆ ಟಪಟಪ ಉದುರಿತು. ಹುಂಜ 'ಪುಟ್' ಎಂದು ಒಂದೇ ಮಾತಾಡಿ ಹೊರಟುಹೋಯಿತು. ನಾನು ಕೋವಿಯ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಇಳಿಸಿ, ನಳಿಗೆ ಬಗ್ಗಿಸಿ ಕೋವಿ ತೆರೆದು, ತೋಟೆ ಹೊರತೆಗೆದು, ಬೆಳಕಿಗೆ ಹಿಡಿದು ನಳಿಗೆಯೊಳಗೆ ಬಿಲ್ಲೆ (ಮದ್ದಿನ ಮೇಲೆ, ಚರೆಯ ಮೇಲೆ ಇಡುವ ರಟ್ಟಿನ ತುಂಡು) ಸಿಕ್ಕಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಮನೆಗೆ ಬಂದೆ.

ಇದು ತೋಟೆಯ ತಪ್ಪೋ ನನ್ನದೋ ಅಂತ ತೀರ್ಮಾನಿಸುವುದಕ್ಕೆ ಎರಡು ವರ್ಷ ಹಿಡಿಯಿತು. ಹಾಗಾಗಿ ಈ ವಿಮರ್ಶೆ ತಡವಾಗಿದೆ.

ವಸ್ತು ಇದು: 12 ಬೋರಿನ (ಇಲ್ಲಿಯವರ ಬಾಯಲ್ಲಿ ಗೇಜ್), ಎರಡೂವರೆ ಇಂಚು ಉದ್ದದ, ಬುಡದಿಂದ ಬಾಯಿಯವರೆಗೆ ಹಿತ್ತಾಳೆಯದೇ ಆದ ತೆಳು ಗೋಡೆಯ ಖಾಲಿ ತೋಟೆ. ಪೆಟ್ಟಿಗೆಯಲ್ಲಿ 25. ನಾನು ಕೊಟ್ಟದ್ದು ತೆರಿಗೆ ಸೇರಿ 60 ಡಾಲರ್ ಚಿಲ್ಲರೆ. ಕಂಪನಿಯ ಹೆಸರು ಹೇಳುತ್ತಿಲ್ಲ, ನಾನು ಹೇಳಹೊರಟಿರುವುದು ಈ ಜಾತಿಯ ತೋಟೆಯ ಬಗ್ಗೆ. ದಪ್ಪ ಗೋಡೆಯ, ಕಡೆದು ಮಾಡಿದ ಇನ್ನೊಂದು ಜಾತಿಯೂ ಇದೆ. ಅದರ ಒಂದೊಂದರ ಬೆಲೆ ಕೇಳಿಯೇ ನಾನು ಹಿಂದೆ ಸರಿದೆ.

ಕಪ್ಪು ಮಸಿಗೆ (ಹೊಗೆ ಕಾರುವ ಹಳೆ ಕಾಲದ ಕೋವಿ ಮದ್ದು) ಹಿತ್ತಾಳೆಯೇ ಯಾಕೆ ಬೇಕು, ಪ್ಲಾಸ್ಟಿಕ್ ತೋಟೆ ಗುರಿ ಅಭ್ಯಾಸಕ್ಕೆ ಕ್ಲೇ ತಟ್ಟೆ ಹಾರಿಸಿ ಹೊಡೆಯುವ ಮೈದಾನದಲ್ಲಿ ಪುಕ್ಕಟೆ ಬಿದ್ದಿರುತ್ತದಲ್ಲ ಎಂದು ಕೇಳಬಹುದು. ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಕಪ್ಪು ಮಸಿಯ ಉರಿಗೆ ಪ್ಲಾಸ್ಟಿಕ್ಕಿನ ಬಾಯಿ ಕರಗುತ್ತದೆ. ಮೂರ್ನಾಲ್ಕು ಸಲ ತುಂಬಿದ ಮೇಲೆ ಬಾಯಿ ಮುಚ್ಚುವ ಮಡಿಕೆ ನಿಲ್ಲುವುದಿಲ್ಲ. ಒಳಗೆ ಚರೆ ಹಿಡಿಯುವ ಪ್ಲಾಸ್ಟಿಕ್ ಬಟ್ಟಲು ಇಟ್ಟರಂತೂ ಅದು ನಳಿಗೆಗೆ ಗೀರುಗೀರಾಗಿ ಅಂಟಿಕೊಂಡು, ಮಸಿಯ ಕಿಟ್ಟದ ಜೊತೆ ಬೆರೆತು, ತೊಳೆಯುವವನ ತಾಳ್ಮೆ ಪರೀಕ್ಷಿಸುತ್ತದೆ. ಕಪ್ಪು ಮಸಿ ಸುಟ್ಟರೆ ಅರ್ಧಕ್ಕಿಂತ ಹೆಚ್ಚು ಪಾಲು ಘನವಾಗಿಯೇ ಉಳಿಯುತ್ತದೆ. ಹೊಗೆಯಾಗಿ ಕಣ್ಣಿಗೆ ಕಾಣುವುದೂ ಅದೇ, ನಳಿಗೆಯಲ್ಲಿ ಕೂರುವುದೂ ಅದೇ. ಹಿತ್ತಾಳೆ ಅದಕ್ಕೆ ಜಗ್ಗುವುದಿಲ್ಲ.

ಇನ್ನೊಂದು ಅನುಕೂಲವೆಂದರೆ ಯಂತ್ರ ಬೇಡ. ನನ್ನ ಇಡೀ ಕಾರ್ಖಾನೆ ಒಂದು ಶೂ ಡಬ್ಬಿಯಲ್ಲಿ ಹಿಡಿಯುತ್ತದೆ: ಹಳೆ ಕೇಪು (ತೋಟೆಯ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವುದು) ಉದುರಿಸಲು ಒಂದು ಮೊಂಡು ಮೊಳೆ, ಹೊಸ ಕೇಪು ಕೂರಿಸಲು ಸಣ್ಣ ಕೈ ಪ್ರೆಸ್, ಹಿತ್ತಾಳೆಯ ಒಂದು ಅಳತೆ, ಬಿಲ್ಲೆ ಒತ್ತಲು ತೋಟೆಯ ಬಾಯಿಗೆ ಸರಿಯಾಗುವ ಮರದ ಗೂಟ, ಒಂದು ಗೋಂದಿನ ಟ್ಯೂಬು. ಈ ತೋಟೆಗೆ ಬೇಕಾದದ್ದು ಶಾಟ್‌ಗನ್ನಿನ 209 ಕೇಪಲ್ಲ, ಪಿಸ್ತೂಲಿನ ದೊಡ್ಡ ಕೇಪು. ಅದು ಹಿತ್ತಾಳೆಯ ಮಟ್ಟಕ್ಕಿಂತ ಕೂದಲೆಳೆಯಷ್ಟೂ ಮೇಲೆ ನಿಲ್ಲಬಾರದು. ಪ್ರತಿಯೊಂದನ್ನೂ ಗಾಜಿನ ಮೇಲೆ ನಿಲ್ಲಿಸಿ ನೋಡುತ್ತೇನೆ, ಅಲ್ಲಾಡಿದರೆ ಪಕ್ಕಕ್ಕಿಡುತ್ತೇನೆ. ನನ್ನ ಪೆಟ್ಟಿಗೆಯ 25ರಲ್ಲಿ ಎರಡಕ್ಕೆ ಕೇಪಿನ ಗುಂಡಿ ಬಿಗಿಯಾಗಿತ್ತು. ಚಾಕುವಿನಿಂದ ಅಂಚನ್ನು ಒಂದು ಸುತ್ತು ಹೆರೆದೆ, ಸರಿಹೋಯಿತು.

ಈಗ ಅಸಲು ವಿಷಯ, ಬಿಲ್ಲೆ. ಈ ತೋಟೆ ಕೊಂಡವರಲ್ಲಿ ಮುಕ್ಕಾಲು ಜನ ಎಡವುವುದು ಇಲ್ಲೇ ಎಂದು ನನ್ನ ಅಂದಾಜು, ಯಾಕೆಂದರೆ ಪೆಟ್ಟಿಗೆಯ ಮೇಲೆ ಇದರ ಬಗ್ಗೆ ಚಕಾರವಿಲ್ಲ. ಪ್ಲಾಸ್ಟಿಕ್ ತೋಟೆಯ ಗೋಡೆ ದಪ್ಪ, ಹಾಗಾಗಿ ಅದರ ಒಳ ಅಗಲ ನಳಿಗೆಯ ಅಗಲಕ್ಕೆ ಹೆಚ್ಚುಕಡಿಮೆ ಸಮ. ಹಿತ್ತಾಳೆಯದು ಕಾಗದದಂತೆ ತೆಳು. ಹೊರಗೆ 12 ಬೋರ್ ಆದರೂ ಒಳಗೆ 12ರ ಬಿಲ್ಲೆ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ಅಲ್ಲಾಡುತ್ತದೆ. ಬೋರಿನ ಲೆಕ್ಕ ಉಲ್ಟಾ ಎಂಬುದು ಗೊತ್ತಿರಲಿ: ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಹೊಂದುವ ಎಷ್ಟು ಗುಂಡು ಆಗುತ್ತವೆ ಎನ್ನುವುದೇ ಆ ಅಂಕಿ, ಹಾಗಾಗಿ 11 ಎಂದರೆ 12ಕ್ಕಿಂತ ದೊಡ್ಡದು. ಮಸಿಯ ಮೇಲೆ 11ರ ದಪ್ಪ ರಟ್ಟು, ಚರೆಯ ಮೇಲೆ 10ರ ತೆಳು ರಟ್ಟು ಬೇಕು. ಹೊಡೆದಾಗ ದೊಡ್ಡ ಬಿಲ್ಲೆ ಕುಗ್ಗಿಕೊಂಡು ನಳಿಗೆಗೆ ನುಗ್ಗುತ್ತದೆ, ಗಾಳಿ ಸೋರಲು ಬಿಡುವುದಿಲ್ಲ.

ನಾನೋ, ಪಕ್ಕದ ಮನೆಯ ಅಜ್ಜ ಪ್ರೀತಿಯಿಂದ ಕೊಟ್ಟ ಹಳೆ 12ರ ಬಿಲ್ಲೆ ಚೀಲವೇ ಇತ್ತಲ್ಲ, ಅದನ್ನೇ ಹಾಕಿದೆ. ಹೊಡೆದರೆ 'ಢಂ' ಅನ್ನುವ ಬದಲು 'ಭುಸ್' ಅಂದಿತು. ಇಪ್ಪತ್ತು ಗಜದ ಕಾಗದದ ಮೇಲೆ ಚರೆ ಅಲ್ಲೊಂದು ಇಲ್ಲೊಂದು. ಅಜ್ಜ ಕುರ್ಚಿಯಿಂದ ಏಳದೇ, "ಮಗಾ, ಹುಂಜಕ್ಕೆ ಗಾಯ ಮಾಡ್ತೀಯ ಅಷ್ಟೆ" ಅನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಏನೋ ಗೊಣಗಿದ. ಚೀಲ ಕೊಟ್ಟವನೇ ಅವನು!

ತುಂಬುವ ಅಳತೆ ಹಳೆ ಕಾಲದ್ದೇ. ಒಂದೇ ಚಮಚದಲ್ಲಿ ಮಸಿಯನ್ನೂ ಚರೆಯನ್ನೂ ಸಮ ಗಾತ್ರ ಅಳೆಯುವುದು. ನನ್ನ ಅಳತೆ 1⅛ ಔನ್ಸ್ ಚರೆಯದು, ಅದೇ ಅಳತೆಯಲ್ಲಿ ಎಫ್‌ಎಫ್‌ಜಿ, ಅಂದರೆ ಮಧ್ಯಮ ಕಾಳಿನ ಮಸಿ ತುಂಬಿದರೆ ಸರಿಸುಮಾರು 3 ಡ್ರಾಮ್. ಒಂದು ಡ್ರಾಮ್ ಎಂದರೆ ಔನ್ಸಿನ 16ರಲ್ಲಿ ಒಂದು ಪಾಲು, 27.34 ಗ್ರೈನ್. ಈಗಿನ ಅಂಗಡಿ ತೋಟೆಯ ಪೆಟ್ಟಿಗೆ ಮೇಲೂ 'ಡ್ರಾಮ್ ಸಮಾನ' ಎಂದು ಅಚ್ಚಾಗಿರುತ್ತದೆ. ಅದು ಕಪ್ಪು ಮಸಿಯ ಕಾಲದಿಂದ ಉಳಿದ ಮಾತು: ಅಷ್ಟು ಡ್ರಾಮ್ ಕಪ್ಪು ಮಸಿ ಕೊಡುತ್ತಿದ್ದ ವೇಗ ಇದರಲ್ಲೂ ಸಿಗುತ್ತದೆ ಎಂದಷ್ಟೇ ಅರ್ಥ. ಆ ಅಂಕಿ ನೋಡಿ ಯಾರಾದರೂ ಹೊಗೆಯಿಲ್ಲದ ಆಧುನಿಕ ಮದ್ದನ್ನು ಅಷ್ಟೇ ಅಳತೆ ತುಂಬಿದರೆ ಕೋವಿಯೂ ಇರುವುದಿಲ್ಲ, ಕೈಯೂ ಇರುವುದಿಲ್ಲ. ನನ್ನ ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ ಇರುತ್ತದೆ, ಅದೂ ಕಾರ್ಖಾನೆಯ ಮುಚ್ಚಳದ್ದು. ಮಸಿ ಮತ್ತು ಬಿಲ್ಲೆಯ ನಡುವೆ ಗಾಳಿಗೆ ಜಾಗ ಬಿಡುವುದಿಲ್ಲ, ಗೂಟದಿಂದ ಹಿತವಾಗಿ ಒತ್ತುತ್ತೇನೆ. ಅಡುಗೆಮನೆಯಲ್ಲಿ ಈ ಕೆಲಸಕ್ಕೆ ಪ್ರವೇಶವಿಲ್ಲ. ಅದು ಮನೆಯಾಕೆಯ ಕಾನೂನು, ಒಳ್ಳೆಯ ಕಾನೂನು.

ರಟ್ಟಿನ ಮೇಲೆ ಅರ್ಧ ಇಂಚಿನ ನಾರಿನ ಮೆತ್ತೆ ಬರುತ್ತದೆ. ಅದನ್ನು ಎಣ್ಣೆಯಲ್ಲಿ ಅದ್ದಿದರೆ ಕಿಟ್ಟ ಮೆತ್ತಗಾಗುತ್ತದೆ. ಆದರೆ ಇಡೀ ಮೆತ್ತೆ ಚರೆಯ ಬೆನ್ನಿಗೇ ಹೋಗಿ ಗುದ್ದಿ, ಕಾಗದದ ನಟ್ಟನಡುವೆ ಉದ್ದಿನ ವಡೆಯ ತೂತಿನಂಥ ಖಾಲಿ ಜಾಗ ಮಾಡುತ್ತದೆ. ನಾನು ಅದನ್ನು ಅಡ್ಡಕ್ಕೆ ಎರಡಾಗಿ ಸೀಳಿ ಅರ್ಧ ಮಾತ್ರ ಹಾಕುತ್ತೇನೆ. ತೂತು ಹೋಯಿತು.

ಎಣ್ಣೆ ಎಂದೆನಲ್ಲ, ಮೊದಲ ವರ್ಷದ ಸಾಸಿವೆ ಡಬ್ಬಿಯ ಕಥೆಯ ಕಳ್ಳ ಅಲ್ಲೇ ಇದ್ದ. ಈ ತೋಟೆಯ ಬಾಯಿ ಮಡಚಲು ಬರುವುದಿಲ್ಲ. ಚರೆಯ ಮೇಲಿನ ರಟ್ಟನ್ನು ಹಿಡಿದಿಡುವುದು ಸುತ್ತ ಹಚ್ಚಿದ ಗೋಂದು ಮಾತ್ರ. ಎಣ್ಣೆಯಲ್ಲಿ ಅದ್ದಿದ ಮೆತ್ತೆಯನ್ನು ಬಾಯಿಯಿಂದ ತಳ್ಳುವಾಗ ಹಿತ್ತಾಳೆಯ ಒಳಗೋಡೆಗೆ ಎಣ್ಣೆ ಸವರಿಹೋಗಿತ್ತು. ಅದರ ಮೇಲೆ ನಾನು ಹಚ್ಚಿದ್ದು ಮಕ್ಕಳ ಬಿಳಿ ಗೋಂದು. ಒಣಗಿ ಗಾಜಿನಂತೆ ಹೊಳೆಯುತ್ತಿತ್ತು, ಹಿಡಿದಿದ್ದು ಮಾತ್ರ ಏನನ್ನೂ ಅಲ್ಲ. ಎರಡನೆಯ ವರ್ಷ ಹಳೆ ಕೈಪಿಡಿಗಳು ಹೇಳುವ ಸೋಡಿಯಂ ಸಿಲಿಕೇಟ್ ದ್ರಾವಣ ಹಚ್ಚಿದೆ. ಗಟ್ಟಿ, ಆದರೆ ಪೆಡಸು. ಜೋಡಿ ನಳಿಗೆಯಲ್ಲಿ ಬಲದ ಈಡು ಹೊಡೆದಾಗ ಆ ಒದೆತಕ್ಕೆ ಎಡದ ತೋಟೆಯ ರಟ್ಟಿನ ಸುತ್ತ ಬಿರುಕು ಬಿಟ್ಟಿತು. ಮೂರನೆಯ ವರ್ಷದ ಪಾಠ ಹೀಗಿದೆ: ಮೆತ್ತೆ ಹಾಕಿದ ಮೇಲೆ ಬಾಯಿಯ ಒಳಗಿನ ಕಾಲಿಂಚನ್ನು ಸ್ಪಿರಿಟ್ ಮುಟ್ಟಿಸಿದ ಬಟ್ಟೆಯಿಂದ ಒರೆಸು, ಆರಲು ಬಿಡು, ಆಮೇಲೆ ಚರೆ, ರಟ್ಟು, ಆಟಿಕೆ ವಿಮಾನ ಅಂಟಿಸುವ ಗೋಂದು. ಖಾಲಿ ಇರುವಾಗಲೇ ಆ ಕಾಲಿಂಚನ್ನು ಎಮರಿ ಕಾಗದದಿಂದ ಒರಟು ಮಾಡಿಕೊಂಡಿದ್ದರೆ ಇನ್ನೂ ಒಳ್ಳೆಯದು. ಹೀಗೆ ಮಾಡಿದ ಒಂದನ್ನು ಬಾಯಿ ಕೆಳಗಾಗಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವಾರವಿಡೀ ಓಡಾಡಿಸಿದೆ. ಮದ್ದು, ಕೇಪು ಇಲ್ಲದ್ದು, ಗಾಬರಿ ಬೇಡ. ಒಂದು ಚರೆಯೂ ಉದುರಲಿಲ್ಲ. ಹಾಗಾಗಿ ತೀರ್ಮಾನ: ತೋಟೆಯ ತಪ್ಪಲ್ಲ, ನನ್ನದು. ಆದರೂ 60 ಡಾಲರ್ ತೆಗೆದುಕೊಂಡವರು ಒಂದು ಚೀಟಿ ಬರೆದಿಡಬಹುದಿತ್ತು.

ಹೊಡೆತದ ವಿಷಯ. 6ನೇ ನಂಬರ್ ಚರೆ (ಇಲ್ಲೂ ಲೆಕ್ಕ ಉಲ್ಟಾ, ನಂಬರ್ ಹೆಚ್ಚಿದಷ್ಟೂ ಕಾಳು ಸಣ್ಣದು) ಔನ್ಸಿಗೆ ಸುಮಾರು 225, ಅಂದರೆ ನನ್ನ ತೋಟೆಯಲ್ಲಿ ಹತ್ತಿರಹತ್ತಿರ 253. ಟರ್ಕಿಗೆ ಹೊಡೆಯಬೇಕಾದದ್ದು ತಲೆ, ಕುತ್ತಿಗೆಗೆ, ಮೈಗಲ್ಲ. ಅದಕ್ಕೇ ಕಾಗದದ ಮೇಲೆ 10 ಇಂಚಿನ ವೃತ್ತ ಬರೆದು ಎಣಿಸುತ್ತೇನೆ. ಎಡ ನಳಿಗೆಯ ಮಾಡಿಫೈಡ್ ಚೋಕಿನಲ್ಲಿ (ಚರೆ ಹರಡದಂತೆ ಮೂತಿಯನ್ನು ಕೊಂಚ ಕಿರಿದು ಮಾಡಿದ್ದು) 20 ಗಜಕ್ಕೆ ವೃತ್ತದೊಳಗೆ 80ರಿಂದ 95. 30 ಗಜಕ್ಕೆ ನಲವತ್ತರ ಆಸುಪಾಸು, ಒಮ್ಮೆ ಬರೀ 31. ಚರೆಗೆ ಪ್ಲಾಸ್ಟಿಕ್ ಬಟ್ಟಲಿನ ರಕ್ಷಣೆ ಇಲ್ಲದ್ದರಿಂದ ಅಂಚಿನ ಕಾಳು ನಳಿಗೆಗೆ ಉಜ್ಜಿ ಚಪ್ಪಟೆಯಾಗಿ ಎತ್ತಲೋ ಹೋಗುತ್ತವೆ. ಗಟ್ಟಿ ಸೀಸದ ಚರೆ ಹಾಕಿದ ಮೇಲೆ ಸ್ವಲ್ಪ ಸುಧಾರಿಸಿತು. ನನ್ನ ಗಡಿ 25 ಗಜ. ಟಂಗ್‌ಸ್ಟನ್ ಚರೆಯ ದುಬಾರಿ ತೋಟೆ ಹಾಕಿಕೊಂಡು ಇದರ ಎರಡರಷ್ಟು ದೂರಕ್ಕೆ ಹೊಡೆಯುವವರಿಗೆ ಇದು ಬೇಡವೇ ಬೇಡ. ಮಿಸ್ಸೌರಿಯಲ್ಲಿ ಟರ್ಕಿಗೆ 4ನೇ ನಂಬರಿಗಿಂತ ದಪ್ಪ ಚರೆ ನಿಷಿದ್ಧ, ಇದರಲ್ಲಿ ದಪ್ಪದ್ದು ತುಂಬಿ ದೂರ ಹೊಡೆಯುತ್ತೇನೆ ಎಂದು ಯಾರೂ ಯೋಚಿಸದಿರಲಿ.

ಮೂರನೆಯ ವರ್ಷ ಕೂತದ್ದು ಅದೇ ಓಕ್ ಮರ. ಡಾಗ್‌ವುಡ್ ಹೂವು ಬಿಟ್ಟಿತ್ತು, ಕಾಲಿಗೆ ಉಣುಗು ಹತ್ತುತ್ತಿತ್ತು. ಹುಂಜ ಬಂದು 22 ಹೆಜ್ಜೆಯಲ್ಲಿ ಕತ್ತು ಉದ್ದ ಮಾಡಿ ನಿಂತಿತು, ಎದೆಯ ಗಡ್ಡ ಸ್ಪಷ್ಟ ಕಾಣುತ್ತಿತ್ತು. ಇಲ್ಲಿ ವಸಂತದಲ್ಲಿ ಹುಂಜ ಅಥವಾ ಗಡ್ಡ ಕಾಣುವ ಹಕ್ಕಿ ಮಾತ್ರ ಹೊಡೆಯಬಹುದು. ಢಂ. ಆಮೇಲೆ ಏನೂ ಕಾಣಲಿಲ್ಲ! ಗಾಳಿ ಇಲ್ಲದ ಬೆಳಗು, ಬಿಳಿ ಹೊಗೆ ಗೋಡೆಯಂತೆ ಎದುರಿಗೇ ನಿಂತುಬಿಟ್ಟಿತು. ಗಂಧಕದ ವಾಸನೆ, ದೀಪಾವಳಿಯ ಮಾರನೆಯ ಬೆಳಗಿನ ಬೀದಿಯದು. ಬಗ್ಗಿ ಹೊಗೆಯ ಕೆಳಗಿನಿಂದ ನೋಡಿದರೆ ಹುಂಜ ಬಿದ್ದ ಜಾಗದಲ್ಲೇ ಇತ್ತು. ಪರವಾನಗಿಗೆ ಕಚ್ಚು ಹಾಕಿ, ಮನೆಗೆ ಬಂದು ರಾತ್ರಿ ಹತ್ತರೊಳಗೆ ಬೇಟೆ ವರದಿ ಮಾಡುವ ರಾಜ್ಯದ ವ್ಯವಸ್ಥೆಯಾದ ಟೆಲಿಚೆಕ್‌ನಲ್ಲಿ ದಾಖಲಿಸಿದೆ.

ತೊಳೆಯುವುದು ನೋಡಲು ಕಷ್ಟ, ಮಾಡಲು ಸಲೀಸು. ಕಾಡಿಗೆ ಹೋಗುವಾಗಲೇ ಸೋಪು ನೀರಿನ ಬಾಟಲಿ ಒಯ್ದು, ಹೊಡೆದ ತೋಟೆಯನ್ನು ಅಲ್ಲೇ ಮುಳುಗಿಸುತ್ತೇನೆ. ಸಂಜೆವರೆಗೆ ಬಿಟ್ಟರೆ ಹಿತ್ತಾಳೆ ಹಸಿರಾಗುತ್ತದೆ. ಹೊಳಪಿಗೆ ಅಂಗಡಿಯ ಪುಡಿ ಗಿಡಿ ಏನೂ ಬೇಡ, ದೇವರ ದೀಪ ಬೆಳಗುವ ಹುಣಸೆಹುಳಿ ಸಾಕು. ಮನೆಯಾಕೆ ಒಮ್ಮೆ ನೋಡಿ, "ಇನ್ನು ಇವಕ್ಕೆ ಕುಂಕುಮ ಒಂದು ಇಡೋದು ಬಾಕಿ ನೋಡಿ" ಎಂದಳು. ಕೋವಿಯ ನಳಿಗೆಗೆ ಬಿಸಿನೀರು, ಆಮೇಲೆ ಎಣ್ಣೆ. ಅದನ್ನು ಮರುದಿನಕ್ಕೆ ಮುಂದೂಡಿದರೆ ತುಕ್ಕು ಹಿಡಿಯುವುದು ಖಂಡಿತ.

ಕೊಳ್ಳುವವರಿಗೆ ಇನ್ನೊಂದು ಮಾತು. ಒಮ್ಮೆ ಹೊಡೆದ ಹಿತ್ತಾಳೆ ಆ ಚೇಂಬರಿನ ಆಕಾರಕ್ಕೇ ಹಿಗ್ಗಿ ನಿಲ್ಲುತ್ತದೆ. ನನ್ನ ಬಲ ನಳಿಗೆಯದು ಎಡಕ್ಕೆ ಹೋಗಲು ತಕರಾರು ಮಾಡುತ್ತದೆ. ಬುಡದಲ್ಲಿ ಮೊಳೆಯಿಂದ 'ಎ' ಮತ್ತು 'ಬ' ಗೀರಿಟ್ಟಿದ್ದೇನೆ. ಎರಡು ಕೋವಿ ಇರುವವರು ಎರಡು ಪೆಟ್ಟಿಗೆ ತೆಗೆದುಕೊಳ್ಳಬೇಕು.

25ರಲ್ಲಿ ಈಗ 23 ಉಳಿದಿವೆ. ಒಂದರ ಬಾಯಿ ಸೀಳಿತು, ಅದು ನಾನು ಬೂಟುಗಾಲಿನಲ್ಲಿ ತುಳಿದದ್ದಕ್ಕೆ. ಇನ್ನೊಂದು ಆ ಓಕ್ ಮರದ ಬುಡದ ಎಲೆಗಳಲ್ಲೆಲ್ಲೋ ಇದೆ, 'ಬ' ಎಂದು ಗೀರಿದ್ದು.